ರಾತ್ರಿ ಪಾಳಿಯ ಸಿಸ್ಟರ್‌ಗೆ, ಮತ್ತು ಜೊತೆಗಿದ್ದ ಎಲ್ಲರಿಗೆ

ಅಣ್ಣ ಮನೆಯಲ್ಲಿದ್ದಾನೆ. ಕಾಲಿನ ಊತ ಇಳಿದಿದೆ, ಎಕೋದಲ್ಲಿ ಹೃದಯದ ಬಲಭಾಗದ ಒತ್ತಡ ತಗ್ಗಿದೆ, ಹುತ್ತರಿಗೆ ಕದಿರು ತಂದಾಗ ಅಂಗಳದವರೆಗೆ ತಾನೇ ನಡೆದು ಬಂದ. ಅವನಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ (ಸಿ.ಎಫ್.), ಅಂದರೆ ಕಫ ಅಂಟಾಗಿ ಶ್ವಾಸಕೋಶ ಕೆಡಿಸುವ ಕಾಯಿಲೆ. ಈ ಮಳೆಗಾಲದಲ್ಲಿ ಹೃದಯದ ಬಲಭಾಗವೂ ಸೋತು, ಕಾಲು ಊದಿ, ಮೈಸೂರಿಗೆ ಕಳಿಸುವ ಮೊದಲು ನಿಮ್ಮ ಆಸ್ಪತ್ರೆಯಲ್ಲಿದ್ದ. ಅದೆಲ್ಲ ನಿಮಗೆ ಗೊತ್ತೇ ಇದೆ. ಯಾರು ಏನು ಮಾಡಿದರು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸಿಸ್ಟರ್‌ಗೆ. ಮರ ಬಿದ್ದು ಮೈಸೂರಿನ ದಾರಿ ಬೆಳಗಿನವರೆಗೆ ತೆರೆಯುವುದಿಲ್ಲ ಎಂದು ಗೊತ್ತಾದ ರಾತ್ರಿ ನಿಮ್ಮ ಪಾಳಿ ಇತ್ತು. ಅಂಥ ಹೊತ್ತಿನಲ್ಲಿ ಮನೆಯವರ ಕಣ್ಣೆಲ್ಲ ರಕ್ತದಲ್ಲಿನ ಆಮ್ಲಜನಕ ತೋರಿಸುವ ಆಕ್ಸಿಮೀಟರಿನ ಅಂಕಿಯ ಮೇಲೆ. ಅದು ಇಳಿದಾಗಲೆಲ್ಲ ಚಿಕ್ಕಪ್ಪ ‘ಆಕ್ಸಿಜನ್ ಜಾಸ್ತಿ ಮಾಡಿ ಸಿಸ್ಟರ್’ ಎನ್ನುತ್ತಿದ್ದರು. ನೀವು ಗುಂಡಿ ತಿರುಗಿಸುವ ಮೊದಲು ಅಣ್ಣನ ಕೈಯನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿದಿರಿ. ಕೈ ತಣ್ಣಗಿದ್ದರೆ ಬೆರಳ ತುದಿಗೆ ರಕ್ತ ಸರಿಯಾಗಿ ಬಾರದೆ ಅಂಕಿ ಸುಳ್ಳು ಹೇಳುತ್ತದೆ. ಕೊಡಗಿನ ಮಳೆಯಲ್ಲಿ ಯಾರ ಕೈ ತಾನೇ ಬೆಚ್ಚಗಿರುತ್ತದೆ? ಪರದೆಯ ಮೇಲಿನ ಅಲೆ ಸಮನಾಗುವ ತನಕ ಕಾದು, ಆಮೇಲೆ ಅಂಕಿ ಬರೆದುಕೊಂಡಿರಿ.

ಚಿಕ್ಕಪ್ಪನಿಗೂ ನೀವೇ ತಿಳಿಸಿ ಹೇಳಿದಿರಿ. ಆಮ್ಲಜನಕ ತೀರಾ ಕಡಿಮೆಯಾದರೆ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಬಿಗಿದ ನಾಳಗಳಿಗೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತದೆ, ಅದಕ್ಕೇ ಕಾಲು ಊದುವುದು. ಹಾಗೆಂದು ಬೇಕಾಬಿಟ್ಟಿ ಏರಿಸಿದರೆ, ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾಗದ ಅಣ್ಣನಂಥವರಿಗೆ ಅದು ರಕ್ತದಲ್ಲೇ ಉಳಿದು ಮಂಪರು ಕವಿಯುತ್ತದೆ. ಅದಕ್ಕೇ ರಾತ್ರಿಯಿಡೀ ಆ ಅಂಕಿಯನ್ನು 88ರಿಂದ 92 ಪರ್ಸೆಂಟಿನ ನಡುವೆ ಹಿಡಿದಿಟ್ಟಿರಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದಿರಿ. ಆಗಾಗ ಅವನನ್ನು ಮಾತಾಡಿಸಿ, ತಲೆನೋವಿದೆಯಾ, ಮಾತು ತೊದಲುತ್ತಿದೆಯಾ ಎಂದು ನೋಡಿದಿರಿ.

ಎಲ್ಲಕ್ಕಿಂತ ದೊಡ್ಡ ಉಪಕಾರ ಉಪ್ಪಿನ ವಿಷಯದಲ್ಲಿ. ಹೃದಯ ಸೋತವರಿಗೆ ಉಪ್ಪು ಬಿಡಿಸು, ನೀರು ಅಳೆದು ಕೊಡು, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಟ್ಟು ಊತ ಇಳಿಸು ಎಂಬುದು ವಾಡಿಕೆ. ಸಿ.ಎಫ್. ಇರುವವರ ಮೈಯಿಂದಲೋ ಬೆವರಿನಲ್ಲೇ ಉಪ್ಪು ಹರಿದುಹೋಗುತ್ತದೆ, ನೀರಿನಂಶ ತಗ್ಗಿದರೆ ಕಫ ಅಂಟಿನಂತಾಗಿ ಎದೆಯಲ್ಲೇ ಕೂರುತ್ತದೆ. ಹೃದಯಕ್ಕೆ ಬೇಕಾದ್ದು ಶ್ವಾಸಕೋಶಕ್ಕೆ ಮುಳ್ಳು. ಲ್ಯಾಸಿಕ್ಸಿನ ಎರಡನೇ ಡೋಸಿಗೆ ಮೊದಲು ನೀವು ಡಾಕ್ಟರಿಗೆ ಫೋನ್ ಮಾಡಿ, ‘ಸರ್, ಇವರಿಗೆ ಸಿ.ಎಫ್., ಸೋಡಿಯಂ, ಪೊಟ್ಯಾಸಿಯಂ ನೋಡಿಯೇ ಕೊಡೋಣವಾ?’ ಎಂದು ಕೇಳಿದಿರಿ. ಪೊಟ್ಯಾಸಿಯಂ, ಇರಬೇಕಾದ ಕನಿಷ್ಠ 3.5ಕ್ಕಿಂತ ಕೆಳಗೇ ಇತ್ತು. ಡಾಕ್ಟರು ಮೊದಲು ಅದನ್ನು ಸರಿಪಡಿಸಿದರು.

ಮಾತ್ರೆಯ ಪಟ್ಟಿಗಳನ್ನೆಲ್ಲ ಚೀಲದಿಂದ ತೆಗೆಸಿ ಹಾಸಿಗೆಯ ಮೇಲೆ ಹರವಿಸಿದ್ದೂ ನೀವೇ. ವಾರಕ್ಕೆ ಮೂರು ಸಲದ ಆಂಟಿಬಯಾಟಿಕ್ ಅಜಿತ್ರೊಮೈಸಿನ್, ಬೂಷ್ಟಿನ (ಫಂಗಸ್) ಸೋಂಕಿಗೆ ಕೊಟ್ಟಿದ್ದ ವೊರಿಕೊನಜೋಲ್, ವಾಂತಿಗೆಂದು ಆಗಷ್ಟೇ ಬರೆದ ಒಂಡಾನ್ಸೆಟ್ರಾನ್, ಮೂರೂ ಹೃದಯದ ವಿದ್ಯುತ್ ಲಯದ ಕ್ಯೂಟಿ ಅವಧಿಯನ್ನು ಹಿಗ್ಗಿಸುವಂಥವು. ಪೊಟ್ಯಾಸಿಯಂ ಕಡಿಮೆಯಿದ್ದು ಆ ಅವಧಿ 500 ಮಿಲಿಸೆಕೆಂಡ್ ದಾಟಿದರೆ ಬಡಿತವೇ ತಪ್ಪಬಹುದು. ನೀವು ಇಸಿಜಿ ತೆಗೆಸಿದಿರಿ, ಒಂಡಾನ್ಸೆಟ್ರಾನ್ ನಿಂತಿತು. ಸೋಂಕಿಗೆ ಕೊಡುವ ಅಮಿಕಾಸಿನ್ ಮತ್ತು ಲ್ಯಾಸಿಕ್ಸ್ ಕೂಡಿದರೆ ಕಿವಿಗೆ ಅಪಾಯವೆಂದು ‘ಕಿವಿಯಲ್ಲಿ ಗುಂಯ್ ಅನ್ನುತ್ತಾ?’ ಎಂದೂ ಕೇಳಿದಿರಿ. ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ನಸುಕಿಗೆ ಮುಂಚೆ ಅಣ್ಣ ‘ಸಾಕು, ಬಿಟ್ಟುಬಿಡಿ’ ಅಂದ. ಅಮ್ಮನಿಗೆ ಅದು ಕೇಳಿಸಿತು. ಇದನ್ನು ಬರೆಯದೆ ಥ್ಯಾಂಕ್ಸ್ ಹೇಳಿದರೆ ಅದು ಅರ್ಧ ಥ್ಯಾಂಕ್ಸ್. ನೀವು ಸಮಾಧಾನದ ಮಾತು ಆಡಲಿಲ್ಲ. ಮುಂದಕ್ಕೆ ಬಾಗಿಸಿ ಕೂರಿಸಿದಿರಿ, ಶ್ವಾಸನಾಳ ಹಿಗ್ಗಿಸುವ ಔಷಧಿಯ ನೆಬುಲೈಸೇಶನ್ ಕೊಟ್ಟಿರಿ, ಕಫದಲ್ಲಿ ರಕ್ತವಿಲ್ಲವೆಂದು ನೋಡಿ ಆಮೇಲೆ ಕಫ ಸಡಿಲಾಗಲು 3 ಪರ್ಸೆಂಟ್ ಸಲೈನ್ (ಉಪ್ಪುನೀರು) ಅದರಲ್ಲೇ ಕೊಟ್ಟಿರಿ, ಬಾಯಿ ತೆರೆದು ‘ಹಾ’ ಎಂದು ಉಸಿರು ತಳ್ಳಿಸಿದಿರಿ. ದಪ್ಪ ಹಸಿರು ಕಫ ಬಂತು. ಅಣ್ಣ ನಿದ್ದೆ ಹೋದ. ಪಾಳಿ ಮುಗಿದರೂ ಆಂಬುಲೆನ್ಸ್ ಹೊರಡುವ ತನಕ ನೀವು ಹೋಗಲಿಲ್ಲ.

ಮೈಸೂರಿನ ಹೃದ್ರೋಗ ತಜ್ಞರಿಗೆ, ಫಿಸಿಯೋಥೆರಪಿ ಮೇಡಂಗೆ, ಮರ ಕಡಿದು ದಾರಿ ಬಿಡಿಸಿದ ಹುಡುಗರಿಗೆ, ಆಂಬುಲೆನ್ಸ್ ಚಾಲಕರಿಗೆ, ತೋಟದ ಕೆಲಸ ನೋಡಿಕೊಂಡ ಪಕ್ಕದ ಮನೆಯವರಿಗೆ, ಗಂಜಿ ಕಳಿಸಿದ ಅತ್ತೆಯಂದಿರಿಗೆ ನಮ್ಮ ನಮಸ್ಕಾರ.

ಒಂದು ಕಾಲಕ್ಕೆ ಈ ಕಾಯಿಲೆಯವರು ದೊಡ್ಡವರಾಗುವುದೇ ಅಪರೂಪ. ಈಗ ನಲವತ್ತು, ಐವತ್ತು ದಾಟುವವರಿದ್ದಾರೆ. ಚಿಕ್ಕಂದಿನಿಂದ ತುಪ್ಪ, ಬೆಣ್ಣೆ ಜಾಸ್ತಿ ತಿನ್ನಿಸಿ ತೂಕ ಉಳಿಸಿಕೊಂಡವರಿಗೆ ಈಗ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡಬೇಕು. ಈ ಕಾಯಿಲೆಗೆಂದೇ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಿ ಕೂಡಿದ ಮಾತ್ರೆ ತೆಗೆದುಕೊಳ್ಳುವವರಲ್ಲೂ ಬಿ.ಪಿ. ಏರುವುದು ಕಂಡಿದೆ. ಶ್ವಾಸಕೋಶದ ಡಾಕ್ಟರ ಜೊತೆ ಹೃದಯದ ಡಾಕ್ಟರೂ ಬೇಕು ಎಂಬುದನ್ನು ಇಂಥ ಮನೆಗಳವರು ಊತ ಕಾಣುವ ಮೊದಲೇ ಕೇಳಿ ತಿಳಿದುಕೊಳ್ಳಲಿ.

ನಮ್ಮ ಬೆಟ್ಟದ ಬಗ್ಗೆ ಇನ್ನೊಂದು ಮಾತು. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಎಂಟರಲ್ಲಿ ಒಂದು ಪಾಲಿನಷ್ಟು ಕಡಿಮೆ. ಗಟ್ಟಿಮುಟ್ಟಾದವರಿಗೆ ಗೊತ್ತೇ ಆಗದು, ಅಣ್ಣನಿಗೆ ಆಗುತ್ತದೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ 5 ಲೀಟರಿನ ಕಾನ್ಸನ್‌ಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ, 150 ಎ.ಎಚ್. ಬ್ಯಾಟರಿಯ ಇನ್ವರ್ಟರ್ ಮೂರು ನಾಲ್ಕು ಗಂಟೆ ಬಂದರೆ ಹೆಚ್ಚು. ಮಳೆಗಾಲದ ಕರೆಂಟನ್ನು ನಂಬಿ ಅಷ್ಟರಲ್ಲೇ ಇರಬೇಡಿ. 1,500 ಲೀಟರಿನ ಬಿ ಟೈಪ್ ಸಿಲಿಂಡರ್, ನಿಮಿಷಕ್ಕೆ 2 ಲೀಟರಿನಂತೆ, ಹನ್ನೆರಡು ಗಂಟೆ ನಡೆಯುತ್ತದೆ. ಒಲೆಯ ಹತ್ತಿರ ಇಡಬಾರದು, ರೆಗ್ಯುಲೇಟರಿಗೆ ಎಣ್ಣೆಗೈ ತಾಗಿಸಬಾರದು.

ಅಂಥದ್ದೊಂದು ಸಿಲಿಂಡರ್ ನಮ್ಮಲ್ಲಿ ಹೆಚ್ಚಿಗೆ ಇದೆ. ಕೀ, ವಾಷರ್, ಫ್ಲೋಮೀಟರ್ ಎಲ್ಲ ಅದಕ್ಕೇ ಕಟ್ಟಿಟ್ಟಿದ್ದೇವೆ. ಡಾಕ್ಟರು ಎಷ್ಟು ಲೀಟರ್ ಬರೆದಿದ್ದಾರೋ ಆ ಚೀಟಿ ಹಿಡಿದು ಯಾರಾದರೂ ಬಂದು ಒಯ್ಯಬಹುದು, ಎಷ್ಟು ಹೊತ್ತಾದರೂ ಸರಿ.