ಕೋರ್ಸ್ ಬಂತು, ಸಂಜೆಯ ಗಾಡಿಯೂ ಬರಲಿ

ಮಾನ್ಯ ಸಂಪಾದಕರೇ,

ರಾಯಚೂರು ಹತ್ತಿರದ ಯರಗೇರಾದ ವಿಶ್ವವಿದ್ಯಾಲಯಕ್ಕೆ ಹೊಸ ಕೋರ್ಸು, ಹೊಸ ಲ್ಯಾಬು, ಹೊಸ ಕಟ್ಟಡ ಎಂಬ ಸುದ್ದಿ ಬಂದರೆ ಎರಡೆರಡು ಸಲ ಓದುವ ಮನುಷ್ಯ ನಾನು. ಓದಿದ್ದು ಹತ್ತನೇ ಇಯತ್ತೆ. ಮೂವತ್ತೊಂದು ವರ್ಷದ ಕಂಡಕ್ಟರ್ ನೌಕರಿಯಲ್ಲಿ ಅರ್ಧಕ್ಕರ್ಧ ರಾಯಚೂರು–ಮಂತ್ರಾಲಯ ರಸ್ತೆಯಲ್ಲೇ ಕಳೆಯಿತು. ಹಾಗಾಗಿ ಆ ಕ್ಯಾಂಪಸ್ ಬೆಳೆದದ್ದು ನನಗೆ ಗೊತ್ತಾದದ್ದು ಟಿಕೆಟ್ ಲೆಕ್ಕದಲ್ಲಿ. ಈಗ ಬರೆಯುತ್ತಿರುವುದು ಅಲ್ಲಿನ ಮಕ್ಕಳು ಸಂಜೆ ಮನೆ ಮುಟ್ಟುವ ಬಸ್ಸಿನ ಬಗ್ಗೆ.

ಮೊದಲು ಅದು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಬೆಳಗಿನ ಟ್ರಿಪ್ಪಿಗೆ ನಾಲ್ಕಾರು ಹುಡುಗರು ಇಳಿದರೆ ಹೆಚ್ಚು. ‘ಇನ್‌ಸ್ಟ್ರುಮೆಂಟೇಷನ್ ಓದ್ತೀವ್ರಿ’ ಎಂದು ಒಬ್ಬ ಹೇಳಿದಾಗ ಅದು ತಬಲಾ, ಹಾರ್ಮೋನಿಯಂ ಇರಬೇಕು ಅಂದುಕೊಂಡಿದ್ದೆ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಂಥ ಕಡೆ ಯಂತ್ರಗಳ ಉಷ್ಣತೆ, ಒತ್ತಡ ಅಳೆಯುವ ವಿದ್ಯೆ ಎಂದು ಆ ಹುಡುಗನೇ ತಿಳಿಸಿ ಹೇಳಿದ. 2021ರಲ್ಲಿ ರಾಯಚೂರು, ಯಾದಗಿರಿ ಎರಡೂ ಜಿಲ್ಲೆ ಸೇರಿಸಿ ನಮ್ಮದೇ ವಿಶ್ವವಿದ್ಯಾಲಯ ಶುರುವಾಯಿತು. ಈಗ ಅದಕ್ಕೆ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಗಳ ಹೆಸರು. ಬಸ್ಸಿನೊಳಗೆ ಮಾತ್ರ ನಾವು ಕೂಗುತ್ತಿದ್ದದ್ದು ‘ಪಿ.ಜಿ. ಸೆಂಟರ್ ಯಾರ್ರೀ ಇಳಿಯೋರು’ ಎಂದೇ! ಡಿಗ್ರಿ ಕಾಗದಪತ್ರಕ್ಕೆ ಕಲಬುರಗಿ ರೈಲು ಹತ್ತುತ್ತಿದ್ದವರಿಗೆ ಇದೆಷ್ಟು ದೊಡ್ಡ ಅನುಕೂಲ ಎಂದು ಬೇರೆ ಹೇಳಬೇಕಿಲ್ಲ. 2009ರಲ್ಲಿ ಕೃಷಿ ವಿಶ್ವವಿದ್ಯಾಲಯ, 2019ರಲ್ಲಿ ಟ್ರಿಪಲ್ ಐಟಿ ಎಂಬ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಆಮೇಲೆ ಇದು. ಬರದ ನಾಡು ಎಂದೇ ಹೆಸರಾದ ಜಿಲ್ಲೆಗೆ ಕಡಿಮೆಯೇನಲ್ಲ.

ನನ್ನ ಸರ್ವಿಸಿನ ಕೊನೆಯ ಆರೇಳು ತಿಂಗಳು ಶಕ್ತಿ ಯೋಜನೆ ಬಂದಿತ್ತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಅಷ್ಟರಲ್ಲೇ ಆ ಸ್ಟಾಪಿನಲ್ಲಿ ಇಳಿಯುವವರಲ್ಲಿ ಹುಡುಗಿಯರೇ ಹೆಚ್ಚಾದರು. ಅಡ್ಮಿಷನ್ ಸಮಯದಲ್ಲಿ ಒಮ್ಮೆ ಕಲ್ಲೂರು ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಹತ್ತಿದರು. ‘ಸಾಹೇಬ್ರ, ಯುನಿವರ್ಸಿಟಿ ಬಂದ್ರ ಹೇಳ್ರಿ, ನಮಗ ಗೊತ್ತಿಲ್ಲ’ ಅಂದರು. ಇಳಿಯುವ ಮುಂಚೆ ದನಿ ತಗ್ಗಿಸಿ, ‘ಲ್ಯಾಬ್ ಮುಗಿಸಿ ಸಂಜೀಕ ಹುಡುಗಿ ಮನಿ ಮುಟ್ತದೇನ್ರಿ?’ ಎಂದು ಕೇಳಿದರು. ‘ಮುಟ್ತದ್ರಿ’ ಅಂದುಬಿಟ್ಟೆ. ಯರಗೇರಾದಿಂದ ರಾಯಚೂರು, ಅಲ್ಲಿ ಗಾಡಿ ಬದಲಿಸಿ ಕಲ್ಲೂರು. ಮೊದಲನೇ ಗಾಡಿ ತಪ್ಪಿದರೆ ಎರಡನೆಯದೂ ತಪ್ಪಿತು. ಇದು ಗೊತ್ತಿದ್ದೂ ಹಾಗಂದೆ.

ಆ ಮೊದಲನೇ ಗಾಡಿ ತಪ್ಪುವುದು ನನಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ನಾನೇ ಎಷ್ಟೋ ಸಂಜೆ ಆ ಸ್ಟಾಪ್ ಬಂದಾಗ ಡ್ರೈವರ್‌ಗೆ ‘ರೈಟ್, ಹೋಗ್ಲಿ’ ಎಂದವನು. ಗುರುವಾರ ಬಂದರೆ ಮಂತ್ರಾಲಯದಿಂದ ಬರುವ ಗಾಡಿ ರಾಯರ ಭಕ್ತರಿಂದ ಬಾಗಿಲ ತನಕ ತುಂಬಿರುತ್ತದೆ, ಶ್ರಾವಣದ ಆರಾಧನೆ ದಿನಗಳನ್ನಂತೂ ಕೇಳಬೇಡಿ. ಉಳಿದ ದಿನ ‘ಎಕ್ಸ್‌ಪ್ರೆಸ್, ಸ್ಟಾಪಿಲ್ಲ’ ಎಂಬ ನೆವ. ನಿಜ ಹೇಳಬೇಕೆಂದರೆ, ಪಾಸಿನ ಹುಡುಗರು ಹತ್ತಿದರೆ ಚೀಲಕ್ಕೆ ಕಾಸು ಬೀಳುವುದಿಲ್ಲ ಎಂಬುದೂ ಮನಸ್ಸಿನಲ್ಲಿರುತ್ತಿತ್ತು. ಕೈ ಅಡ್ಡ ಹಿಡಿದ ಮಕ್ಕಳು ಹಿಂದೆ ಧೂಳಿನಲ್ಲಿ ಉಳಿಯುತ್ತಿದ್ದರು.

ಈಗ ನನ್ನ ತಂಗಿಯ ಮಗಳು ಎಂ.ಎಸ್ಸಿ.ಗೆ ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತಾಳೆ. ಪ್ರಾಕ್ಟಿಕಲ್ ಮುಗಿಸಿ ಲೈಬ್ರರಿಯಲ್ಲಿ ಒಂದು ತಾಸು ಕೂಡಬೇಕೆಂದರೂ ಅವಳ ಕಣ್ಣು ಗಡಿಯಾರದ ಮೇಲೆ. ಲಕ್ಷಗಟ್ಟಲೆ ಬೆಲೆಯ ಉಪಕರಣ ಬಂದರೂ ಅದರ ಮುಂದೆ ಕೂಡಲು ಹೊತ್ತು ಬೇಕಲ್ಲ? ಹಾಸ್ಟೆಲ್ ಇದ್ದರೂ ಎಲ್ಲ ಮನೆಯವರೂ ಹೆಣ್ಣುಮಕ್ಕಳನ್ನು ಹೊರಗಿಟ್ಟು ಓದಿಸುವುದಿಲ್ಲ. ದಿನಾ ಹೋಗಿ ಬರುವುದಾದರೆ ಓದು, ಇಲ್ಲವಾದರೆ ಮದುವೆ, ಹೀಗೆ ಲೆಕ್ಕ ಹಾಕುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಕೋರ್ಸು ಬಂದದ್ದು ಡಿಪೋಗೆ ತಾನಾಗಿ ಗೊತ್ತಾಗುವುದಿಲ್ಲ. ಅಲ್ಲಿ ಶೆಡ್ಯೂಲ್ ಹಾಕುವುದು ಕಿಲೋಮೀಟರಿಗೆ ಎಷ್ಟು ಆದಾಯ ಎಂದು ನೋಡಿ. ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ತುಂಬಿಕೊಡುವುದರಿಂದ ಆ ಹುಡುಗಿಯರೂ ಲೆಕ್ಕಕ್ಕೆ ಬರುತ್ತಾರೆ. ಆದ್ದರಿಂದ ಪ್ರತಿ ವರ್ಷ ಅಡ್ಮಿಷನ್ ಮುಗಿದ ಕೂಡಲೇ ವಿಶ್ವವಿದ್ಯಾಲಯದವರು ಯಾವ ವಿಭಾಗಕ್ಕೆ ಎಷ್ಟು ಮಕ್ಕಳು, ಲ್ಯಾಬ್ ಎಷ್ಟಕ್ಕೆ ಬಿಡುತ್ತದೆ, ಯಾವ ಊರಿನವರು ಎಷ್ಟು ಎಂದು ಒಂದು ಹಾಳೆ ಬರೆದು ಡಿಪೋಗೆ ಮುಟ್ಟಿಸಲಿ. ಕ್ಯಾಂಪಸ್ಸಿನಿಂದಲೇ ಹೊರಡುವ ಒಂದು ಗಾಡಿ ಸಂಜೆ ಆರೂವರೆಗೆ ಬೇಕು. ಮಂತ್ರಾಲಯದಿಂದ ತುಂಬಿ ಬರುವ ಗಾಡಿ ಇದಕ್ಕೆ ಆಗಿಬರುವುದಿಲ್ಲ. ಕ್ಯಾಂಪಸ್ಸಿನ ಗಾಡಿ ರಾಯಚೂರು ಮುಟ್ಟಿದ ಮೇಲೆ ಮಾನ್ವಿ, ಸಿರವಾರ ಕಡೆಯ ಗಾಡಿಗಳು ಹೊರಡುವಂತೆ ಹೊಂದಿಸಬೇಕು. ಯಾದಗಿರಿ ಮಕ್ಕಳಿಗೆ ರೈಲಿದೆ, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸದೆ ಸ್ಟೇಷನ್ ತನಕ ಬಿಟ್ಟರೆ ಆಟೋ ದುಡ್ಡು ಉಳಿದೀತು.

ಆ ರಸ್ತೆಯ ರನ್ನಿಂಗ್ ಟೈಂ ನನಗೆ ಬಾಯಿಪಾಠ. ಶೆಡ್ಯೂಲ್ ಬರೆಯಲು ಯಾರಾದರೂ ಕೂಡುವುದಾದರೆ ಕರೆಯಲಿ, ಪೆನ್ನು ಹಿಡಿದು ಬರುತ್ತೇನೆ.

– ನಿವೃತ್ತ ನಿರ್ವಾಹಕ, ರಾಯಚೂರು