ಆಟಿಯಲ್ಲಿ ಕ್ರಿಸ್‌ಮಸ್

ಜುಲೈ 25ರ ಸಂಜೆ ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದೆ. ಸಿಡ್ನಿಯಿಂದ ರಜೆಯಲ್ಲಿ ಊರಿಗೆ ಹೋದವನಿಗೆ ಸಿಕ್ಕಿದ್ದು ಬರೀ ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳಿನ, ಮಳೆ. ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿರಲಿಲ್ಲ, ಹಂಚಿನ ಮಾಡಿನಿಂದ ನೀರು ಸಾಲುಸಾಲಾಗಿ ಅಂಗಳಕ್ಕೆ ಇಳಿಯುತ್ತಿತ್ತು. ನನ್ನ ಕಿವಿಯಲ್ಲಿ ಇಯರ್‌ಫೋನ್. ಅದರೊಳಗೆ ಅಮೆರಿಕದ ಯಾರೋ ಗೃಹಸ್ಥ ಕಿಣಿಕಿಣಿ ಗಂಟೆಯ ಹಿಮ್ಮೇಳದಲ್ಲಿ ಕ್ರಿಸ್‌ಮಸ್ಸಿನ ಬಗ್ಗೆ ಸಂಭ್ರಮದಿಂದ ಮಾತಾಡುತ್ತಿದ್ದ. ಸುಮ್ಮನೆ ಬೆರಳು ಮಡಚಿ ಎಣಿಸಿದೆ. ಇನ್ನು 153 ದಿನ.

ಅಷ್ಟರಲ್ಲಿ ಕಂಪೌಂಡಿನಾಚೆಯಿಂದ ಬಾಯಿ ಕರೆದರು. (ಘಟ್ಟದ ಮೇಲಿನ ಓದುಗರಿಗೆ: ನಮ್ಮ ಕಡೆ ಕೆಥೊಲಿಕ್ ಹಿರಿಯ ಹೆಂಗಸರನ್ನು ಬಾಯಿ ಎಂದೂ ಗಂಡಸರನ್ನು ಪೊರ್ಬು ಎಂದೂ ಕರೆಯುವುದು ರೂಢಿ.) ಭರಣಿಯ ಮುಚ್ಚಳ ಗಟ್ಟಿಯಾಗಿದೆ, ಬಿಚ್ಚಿಕೊಡು ಎಂದರು. ಕೊಡೆ ಹಿಡಿದು ಹೋದೆ. ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಹಿಂದೆ, ಬಟ್ಟೆ ಸುತ್ತಿಟ್ಟ ಪಿಂಗಾಣಿ ಭರಣಿ. ತಿರುವಿ ತಿರುವಿ ಮುಚ್ಚಳ ತೆಗೆದೊಡನೆ ರಮ್ಮಿನ ಘಾಟು ಮೂಗಿಗೆ ಬಡಿಯಿತು. ಒಳಗೆ ಒಣದ್ರಾಕ್ಷಿ, ಸಣ್ಣಗೆ ಹೆಚ್ಚಿದ ಖರ್ಜೂರ, ಸಕ್ಕರೆ ಹಾಕಿದ ಕಿತ್ತಳೆ ಸಿಪ್ಪೆ, ಎಲ್ಲ ಉಬ್ಬಿ ಕಪ್ಪಾಗಿ ಮಿರಿಮಿರಿ ಮಿಂಚುತ್ತಿದ್ದವು. ಹಣ್ಣು ಕುಡಿದಷ್ಟು ರಮ್ ಇಳಿದಿತ್ತು. ಬಾಯಿ ಬಾಟಲಿ ಬಗ್ಗಿಸಿ, ಹಣ್ಣು ಮುಳುಗುವಷ್ಟು ಸುರಿದು, ಮರದ ಸೌಟಿನಿಂದ ಒಮ್ಮೆ ಆಡಿಸಿದರು. ಆಮೇಲೆ ನನ್ನ ಕಿವಿ ನೋಡಿದರು.

"ಎಂತ ಮಾರಾಯ ಅದು, ಊಟಕ್ಕೂ ತೆಗೆಯುವುದಿಲ್ಲವಾ?"

"ಕ್ರಿಸ್‌ಮಸ್ ಕಾರ್ಯಕ್ರಮ, ಬಾಯಿ."

"ಈಗ? ಆಟಿಯಲ್ಲಿ? ತಲೆ ಸರಿ ಉಂಟಾ ನಿನಗೆ?"

ನಾನು ಭರಣಿಯ ಕಡೆಗೆ ಕೈ ತೋರಿಸಿದೆ. ಹಾಗಾದರೆ ಇದೆಂತದ್ದು?

"ಇದು ಕೆಲಸ," ಎಂದರು ಬಾಯಿ, ಮುಚ್ಚಳ ಮುಚ್ಚುತ್ತಾ. "ನೀನು ಕೇಳ್ತಾ ಇರುವುದು ಗೌಜಿ."

ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ. ಸಿಡ್ನಿಗೆ ಮರಳಿ ಮೂರು ವಾರವಾಯಿತು, ಈ ಸಂಚಿಕೆಯ ಪುಟಗಳನ್ನು ಹೊಂದಿಸುವಾಗಲೂ ಕೆಲಸ, ಗೌಜಿ (ಗದ್ದಲದ ಸಂಭ್ರಮ) ಎಂಬ ಆ ಎರಡು ಶಬ್ದ ತಲೆಯಲ್ಲಿ ಕೊರೆಯುತ್ತಲೇ ಇವೆ.

ನನಗೆ ಈ ಹುಚ್ಚು ಹತ್ತಿದ್ದು ಹೋದ ವರ್ಷದ ಚಳಿಯಲ್ಲಿ. ಇಲ್ಲಿ ಜುಲೈ ಎಂದರೆ ನಡುಗುವ ಕಾಲ. ಡಿಸೆಂಬರ್ 25 ಬರುವುದು ಸುಡುಬೇಸಿಗೆಯಲ್ಲಿ; ಜನ ಟೋಪಿ ಹಾಕಿಕೊಂಡು ಕಡಲ ದಂಡೆಗೆ ಹೋಗಿ ಸಿಗಡಿ ತಿನ್ನುತ್ತಾರೆ. (ಮಂಗಳೂರಿನವನಿಗೆ ಇದರಲ್ಲಿ ತಕರಾರೇನೂ ಇಲ್ಲ.) ಹಿಮ, ಬೆಂಕಿಗೂಡು, ಉಣ್ಣೆ ಕಾಲುಚೀಲ ಎಲ್ಲ ಬೇಕೆನ್ನುವವರು ಜುಲೈಯಲ್ಲೇ ಒಂದು ಸುಳ್ಳು ಕ್ರಿಸ್‌ಮಸ್ ಮಾಡಿಬಿಡುತ್ತಾರೆ. ಬ್ಲೂ ಮೌಂಟನ್ಸ್ ಕಡೆಯ ಹೋಟೆಲುಗಳಲ್ಲಿ ಚಳಿಗಾಲಕ್ಕೆ ಅದೇ ವ್ಯಾಪಾರ. ಆಫೀಸಿನ ಗೆಳೆಯರ ಜೊತೆ ಹಾಗೊಂದು ಊಟಕ್ಕೆ ಹೋಗಿ ಬಂದವನು, ಮರುದಿನ ರೈಲಿನಲ್ಲಿ ಫೋನ್ ತಡಕಿದರೆ, ವರ್ಷವಿಡೀ ಕ್ರಿಸ್‌ಮಸ್ ಬಿಟ್ಟು ಬೇರೆ ಮಾತೇ ಆಡದ ಪಾಡ್‌ಕಾಸ್ಟ್‌ಗಳ ದೊಡ್ಡ ಹಿಂಡೇ ಸಿಕ್ಕಿತು.

ಒಂದೊಂದರದ್ದು ಒಂದೊಂದು ದಾರಿ. ಬ್ರಯಾನ್ ಅರ್ಲ್ ಎಂಬವರ 'ಕ್ರಿಸ್‌ಮಸ್ ಪಾಸ್ಟ್' ಹಬ್ಬದ ಒಂದೊಂದೇ ಪದ್ಧತಿಯನ್ನು ಎತ್ತಿಕೊಂಡು ಅದು ಎಲ್ಲಿಂದ ಬಂತು ಎಂದು ಹುಡುಕುತ್ತದೆ. ಅಜ್ಜನ ಮನೆ ಕಪಾಟು ತೆಗೆದ ಹಾಗೆ. ಟಿಮ್ ಬ್ಯಾಬ್ ಅವರ ಪಾಡ್‌ಕಾಸ್ಟಿನ ಹೆಸರೇ 'ಕಾಂಟ್ ವೇಟ್ ಫಾರ್ ಕ್ರಿಸ್‌ಮಸ್', ಅಂದರೆ ತಾಳ್ಮೆ ಇಲ್ಲ ಎಂದು ಬಾಗಿಲಲ್ಲೇ ಒಪ್ಪಿಕೊಂಡಿದ್ದಾರೆ. ನನಗೆ ರುಚಿಸಿದ್ದು 2018ರಲ್ಲಿ ಶುರುವಾದ 'ಡೆಕ್ ದ ಹಾಲ್‌ಮಾರ್ಕ್'. ಹಾಲ್‌ಮಾರ್ಕ್ ಚಾನೆಲಿನ ಕ್ರಿಸ್‌ಮಸ್ ಸಿನಿಮಾಗಳನ್ನು ಮೂವರು ಗೆಳೆಯರು ಕೂತು ನೋಡುತ್ತಾರೆ. ಒಬ್ಬನಿಗೆ ಅವೆಂದರೆ ಪ್ರಾಣ, ಒಬ್ಬನಿಗೆ ಪರವಾಗಿಲ್ಲ, ಮೂರನೆಯವನಿಗೆ ಕಂಡರಾಗದು. ಆ ಕಂಡರಾಗದವನು ವಾದ ಹೂಡುವ ವರಸೆ ಕೇಳಿದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪ್ರತಿಪಕ್ಷದ ಅರ್ಥಧಾರಿ ಎದುರಿನವನ ಮಾತಿನ ಎಳೆ ಹಿಡಿದು ಜಗ್ಗಿದ ಹಾಗೇ ಇದೆ. ಸಿನಿಮಾ ನೋಡುವ ಅಗತ್ಯವೇ ಇಲ್ಲ, ಜಗಳ ಸಾಕು. ಉಳಿದ ಕೆಲವದರಲ್ಲಿ ಸಕ್ಕರೆ ತುಂಬಾ ಹೆಚ್ಚು. ಎರಡು ನಿಲ್ದಾಣ ಕಳೆಯುವುದರೊಳಗೆ ನಿಲ್ಲಿಸಿದ್ದೇನೆ.

'ಪಾಡ್‌ಕಾಸ್ಟ್' ಎಂಬ ಶಬ್ದಕ್ಕೇ ಇನ್ನೂ ಪ್ರಾಯ ಆಗಿಲ್ಲ. 2004ರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಬ್ರಿಟಿಷ್ ಪತ್ರಕರ್ತ 'ಗಾರ್ಡಿಯನ್' ಪತ್ರಿಕೆಯಲ್ಲಿ ಬರೆಯುವಾಗ ಐಪಾಡ್‌ನ ಬಾಲಕ್ಕೆ ಬ್ರಾಡ್‌ಕಾಸ್ಟ್‌ನ ಬಾಲ ಕಟ್ಟಿ ಕೆಲವು ಹೆಸರು ಸೂಚಿಸಿದ, ಅದರಲ್ಲಿ ಇದು ಉಳಿಯಿತು. ಮರುವರ್ಷ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಊರೆಲ್ಲ ಹಬ್ಬಿತು. ರೇಡಿಯೋಗೂ ಇದಕ್ಕೂ ಇರುವ ವ್ಯತ್ಯಾಸ ಹಬ್ಬದ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ರೇಡಿಯೋದವರಿಗೆ ಪಂಚಾಂಗ ಇದೆ. ಹಬ್ಬದ ಕಾಲ ಮುಗಿದ ಮೇಲೆ ಸಾಮಾನ್ಯವಾಗಿ ಯಾರೂ ಕ್ರಿಸ್‌ಮಸ್ ಹಾಡು ಹಾಕುವುದಿಲ್ಲ. ಪಾಡ್‌ಕಾಸ್ಟು ಭರಣಿಯಲ್ಲಿಟ್ಟ ಹಣ್ಣಿನ ಹಾಗೆ. ಬೇಕಾದಾಗ ಮುಚ್ಚಳ ತೆಗೆದರಾಯಿತು.

ಕ್ರಿಸ್‌ಮಸ್ಸಿನ ಮೊದಲ ನೆನಪು ನನಗೆ ಕಣ್ಣಿನದ್ದಲ್ಲ, ಕಿವಿಯದ್ದು. ಬಾಯಿಯ ಯಜಮಾನರು, ಪೊರ್ಬು, ಕುವೈಟಿನಿಂದ ಒಂದು ದೊಡ್ಡ ರೇಡಿಯೋ ತಂದಿದ್ದರು. ಡಿಸೆಂಬರ್ 24ರ ರಾತ್ರಿ ಎಂಟೂವರೆಗೆ ಸರಿಯಾಗಿ ಅದನ್ನು ಜಗಲಿಯ ದಂಡೆಯ ಮೇಲಿಟ್ಟು ಕಡ್ಡಿ ಎಳೆದು ಶಾರ್ಟ್‌ವೇವ್ ತಿರುಗಿಸುತ್ತಿದ್ದರು. ಲಂಡನ್ನಿನಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲಿನಿಂದ ಒಂಬತ್ತು ಪಾಠ ಮತ್ತು ಕ್ಯಾರಲ್‌ಗಳ ಆರಾಧನೆ. 1918ರಲ್ಲಿ ಶುರುವಾದ ಅದನ್ನು ಬಿಬಿಸಿ 1928ರಿಂದ ಪ್ರಸಾರ ಮಾಡುತ್ತಾ ಬಂದಿದೆ. ವಾದ್ಯವಿಲ್ಲದೆ ಒಬ್ಬ ಹುಡುಗ ಒಂಟಿಯಾಗಿ ಹಾಡಲು ತೊಡಗುತ್ತಾನೆ. ಯಾವ ಹುಡುಗ ಎಂದು ಗೊತ್ತಾಗುವುದು ಪ್ರಸಾರ ಶುರುವಾಗುವ ಕ್ಷಣದಲ್ಲೇ, ಮೊದಲೇ ಹೇಳಿದರೆ ಹೆದರಿಬಿಡುತ್ತಾನಂತೆ. ನಮಗೆ ಕೇಳುತ್ತಿದ್ದದ್ದು ಅರ್ಧ ಹಾಡು, ಅರ್ಧ ಗೊರಗೊರ. ಅಲೆ ಏರಿದಂತೆ ಸ್ವರ ಹತ್ತಿರ ಬರುತ್ತಿತ್ತು, ಇಳಿದಂತೆ ಅರಬ್ಬಿ ಸಮುದ್ರದೊಳಗೆ ಹೋಗುತ್ತಿತ್ತು. ನಾನು ಗೋಡೆಯ ಈಚೆ ನಿಂತು, ಗೋದಲಿಗೆ ಸುತ್ತಿದ ಬಣ್ಣದ ಬಲ್ಬು ನೋಡುತ್ತಾ, ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ಭಕ್ತಿ ಅಷ್ಟೇ.

ಆ ತಟ್ಟೆಯ ವಿಷಯ ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಕ್ರೋಶ ಹೆಣಿಗೆಯ ಬಟ್ಟೆ ಮುಚ್ಚಿ ಬರುತ್ತಿತ್ತು: ಎಳ್ಳು ಕೊಬ್ಬರಿ ತುಂಬಿದ ನೆವ್ರಿ, ಸಕ್ಕರೆ ಪಾಕ ಹೊದ್ದ ಗುಳಿಯೊ, ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿದ ಕಿಡಿಯೊ, ಗುಲಾಬಿ ಹೂವಿನಂಥ ಕೊಕ್ಕಿಸ್, ಒಂದು ತುಂಡು ಕಪ್ಪು ಕೇಕು. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳ. ಅರ್ಥ ಗೊತ್ತಾದ ದಿನ ನನ್ನ ತಂಗಿ ತಿನ್ನುವುದನ್ನು ಬಿಟ್ಟಳು, ಅವಳ ಪಾಲೂ ನನಗೆ ಬಂತು. ತಟ್ಟೆಯನ್ನು ಖಾಲಿ ಹಿಂದೆ ಕಳಿಸಬಾರದು ಎಂದು ಅಮ್ಮ ಅದಕ್ಕೆ ಒಂದು ಮುಷ್ಟಿ ಸಕ್ಕರೆ ಹಾಕುತ್ತಿದ್ದರು. ಚೌತಿಗೆ ನಮ್ಮ ಮನೆಯ ಚಕ್ಕುಲಿ, ಉಂಡೆ ಅದೇ ತಟ್ಟೆಯಲ್ಲಿ ಅತ್ತ ಹೋಗುತ್ತಿತ್ತು.

ಈಗ ಕೆಲಸ, ಗೌಜಿಯ ವಿಚಾರ. ಬಾಯಿಯ ಲೆಕ್ಕದಲ್ಲಿ ಹಬ್ಬಕ್ಕೆ ಮೊದಲು ಮಾಡಬೇಕಾದದ್ದು ಬೆಟ್ಟದಷ್ಟಿದೆ, ಮಾಡಬಾರದ್ದೂ ಅಷ್ಟೇ ಇದೆ. ಹಬ್ಬಕ್ಕೆ ಮೊದಲಿನ ಆಗಮನ ಕಾಲದ ನಾಲ್ಕು ಆದಿತ್ಯವಾರ ಪಾದ್ರಿಗಳು ನೇರಳೆ ವಸ್ತ್ರ ಹಾಕುತ್ತಾರೆ, ಇಗರ್ಜಿಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಅದನ್ನು ಕ್ರಿಸ್‌ಮಸ್ ರಾತ್ರಿಗೆಂದು ಕಟ್ಟಿಡುತ್ತಾರೆ. ಆ ರಾತ್ರಿ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುವಾಗ ಹಾಡಿದರೆ ಮೈ ಜುಂ ಎನ್ನುತ್ತದೆ. "ನಾಲ್ಕು ವಾರ ಬಾಯಿ ಕಟ್ಟಿದ್ದಕ್ಕೆ ಆ ರುಚಿ," ಎಂದರು. "ನೀನು ದಿನಾ ಕೇಳಿದರೆ 25ಕ್ಕೆ ಎಂತ ಉಳಿಯಿತು?"

ಉಡುಪಿಯವರಿಗೆ ಇದು ಹೊಸ ಮಾತಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು. ಆದರೆ ಊಟದೆಲೆಗೆ ಬಾಳೆ ನೆಡುವ ಬಾಳೆ ಮುಹೂರ್ತ ಒಂದು ವರ್ಷಕ್ಕೂ ಮೊದಲೇ ಆಗಿಹೋಗುತ್ತದೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೌದೆಯನ್ನು ರಥದ ಆಕಾರಕ್ಕೆ ಪೇರಿಸಿಟ್ಟದ್ದನ್ನು ಮಠದ ಹಿಂದೆ ಮಧ್ವ ಸರೋವರದ ಬದಿಯಲ್ಲಿ ನೀವೂ ನೋಡಿರಬಹುದು. ವರ್ಷವಿಡೀ ಪರ್ಯಾಯದ ಕೆಲಸ. ಗೌಜಿ ಮಾತ್ರ ಆ ಒಂದು ರಾತ್ರಿ.

ಇಲ್ಲಿಯವರೆಗೆ ಬಾಯಿಯೇ ಗೆದ್ದರು. ಆದರೆ ನನ್ನ ಸೋದರಮಾವನನ್ನು ಸಾಕ್ಷಿಗೆ ಕರೆಯದೆ ನಾನು ಸೋಲೊಪ್ಪುವುದಿಲ್ಲ. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲಕ್ಕೆ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳ, ಅಲ್ಲೊಂದು ಇಲ್ಲೊಂದು ತಾಳಮದ್ದಳೆ. ಮಾವನಿಗೆ ಅದು ಸಾಲದು. ಅವರ ಕಪಾಟಿನಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳು ಗೋಡೆಯಂತೆ ನಿಂತಿದ್ದವು. ಆಟಿಯ ಮಳೆಯಲ್ಲಿ ಹೊದ್ದು ಮಲಗಿ, ಚೆಂಡೆಯ ಪೆಟ್ಟಿಗೆ ಹೊದಿಕೆಯೊಳಗೇ ಕಾಲು ಅಲ್ಲಾಡಿಸುತ್ತಿದ್ದರು. ಅವರಿಗೆ ತಲೆ ಸರಿ ಇಲ್ಲ ಎಂದವರು ಯಾರೂ ಇಲ್ಲ. ಅತ್ತೆಯೊಬ್ಬರನ್ನು ಬಿಟ್ಟು.

ಇನ್ನು ನಮ್ಮ ಸಂಘದ ಕಥೆಯನ್ನೇ ನೋಡಿ. ಹೋದ ವರ್ಷ ಸಭಾಂಗಣ ಸಿಗದೆ ದೀಪಾವಳಿಯನ್ನು ಮೂರು ವಾರ ತಡವಾಗಿ ಮಾಡಿದೆವು. ಯುಗಾದಿ ಯಾವತ್ತು ಬಂದರೂ ನಮಗೆ ಹತ್ತಿರದ ಶನಿವಾರವೇ ಯುಗಾದಿ. ಬೇವು ಸಿಗದ ವರ್ಷ ಬೆಲ್ಲ ಮಾತ್ರ. ತಿಥಿ ಎಂಬುದನ್ನು ವಿಮಾನ ಹತ್ತುವಾಗಲೇ ಬಿಟ್ಟು ಬಂದವರು ನಾವು. ಹಬ್ಬವನ್ನು ಅದರ ದಿನದಿಂದ ಕಿತ್ತು ಬೇಕಾದ ಕಡೆ ನೆಡುವುದು ನಮಗೆ ದಿನಬಳಕೆಯ ವಿದ್ಯೆ. ಜುಲೈಯಲ್ಲಿ ಗಂಟೆ ಕಿಣಿಕಿಣಿಸುವ ಆ ಅಮೆರಿಕದ ಗೃಹಸ್ಥನನ್ನು ನೋಡಿ ನಗುವ ಹಕ್ಕು ಬಾಯಿಗೆ ಇರಬಹುದು, ನಮಗಿಲ್ಲ.

ಒಂದೇ ಕೊರತೆ: ಆ ಪಾಡ್‌ಕಾಸ್ಟ್‌ಗಳಲ್ಲಿ ನಾನು ಕೇಳಿದಷ್ಟರಲ್ಲಿ ನಮ್ಮ ಊರಿನ ಸದ್ದಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ಬಲ್ಮಠದಲ್ಲಿ ಆ ಕೀರ್ತನೆಗಳನ್ನು ಈಗಲೂ ಹಾಡುತ್ತಾರೆ. ಆಕಾಶವಾಣಿ ಮಂಗಳೂರು 1976ರ ಡಿಸೆಂಬರಿನಲ್ಲಿ ಶುರುವಾಗಿ, ಕನ್ನಡ, ತುಳು, ಕೊಂಕಣಿ ಮೂರನ್ನೂ ಮನೆಯೊಳಗೆ ತಂದಿತು. ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ 'ಸಾರಂಗ್' 107.8ರಲ್ಲಿ ಇವತ್ತಿಗೂ ಮಾತಾಡುತ್ತಿದೆ. ಸದ್ದಿಗೆ ಬರ ಇಲ್ಲದ ಊರು ನಮ್ಮದು. ಭರಣಿಗೆ ಹಾಕಿಟ್ಟವರು ಕಡಿಮೆ.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಂಚಿಕೆಯ ಜೊತೆಗೆ ಸಂಘದಿಂದ ಒಂದು ಧ್ವನಿ ಸಂಚಿಕೆ ತರುವ ಯೋಚನೆ ಇದೆ. ನಿಮ್ಮ ಮನೆಯ ಯಾವುದೇ ಹಬ್ಬದ ನಾಲ್ಕೈದು ನಿಮಿಷದ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿ. ಭಾಷಣ ಬೇಡ, ದಯವಿಟ್ಟು. ಅಜ್ಜಿ ಶ್ಯಾವಿಗೆ ಒತ್ತುವಾಗ ಒರಳು ಕಿರ್ರೆನ್ನುವುದು, ದೀಪಾವಳಿಯ ಸಂಜೆ ಗದ್ದೆಯ ಬದುವಿನಲ್ಲಿ ಬಲೀಂದ್ರನನ್ನು ಕರೆದು 'ಕೂ' ಹಾಕುವುದು, ಇಂಥದ್ದು. ಯಾವ ತಿಂಗಳಿನದ್ದಾದರೂ ಆದೀತು.

ಮೊದಲ ಕಂತು ಈಗಾಗಲೇ ನನ್ನ ಫೋನಿನಲ್ಲಿದೆ. ಹೊರಡುವ ಹಿಂದಿನ ದಿನ ಬಾಯಿಯನ್ನು ಕಾಡಿ ಬೇಡಿ ಕೊಕ್ಕಿಸ್ ಮಾಡಿಸಿದೆ. ಕಬ್ಬಿಣದ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು. ಹಿಟ್ಟಿನಲ್ಲಿ ಅದ್ದುವಾಗ ಮುಕ್ಕಾಲು ಭಾಗ ಮಾತ್ರ; ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದ ಕಚ್ಚಿಕೊಂಡು ಹೂವು ಬಿಡುವುದೇ ಇಲ್ಲ. ಅದ್ದಿದ ಕೂಡಲೇ ಚುರ್ರ್ ಎನ್ನುತ್ತದೆ, ಎಣ್ಣೆಗೆ ಇಳಿಸಿದ ಮೇಲೆ ಆ ಸದ್ದು ಸಣ್ಣಗಾಗುತ್ತಾ ಬಂದು, ಬಾಯಿ ಅಚ್ಚಿನ ಹಿಡಿಗೆ ಚೂರಿಯಿಂದ ಟಣ್ ಎಂದು ಒಂದು ಪೆಟ್ಟು ಕೊಡುತ್ತಾರೆ. ಹೂವು ಬಿಟ್ಟುಕೊಳ್ಳುತ್ತದೆ. ಚುರ್ರ್, ಟಣ್, ಹಿಂದೆ ಮಳೆ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಕೊನೆಗೆ ಒಂದು ಹಾಡು ಹೇಳಿ ಬಾಯಿ, ಎಂದು ನಾನು ಅಂಗಲಾಚುವುದೂ ಅದರಲ್ಲಿ ಕೇಳುತ್ತದೆ, ಅವರ ಉತ್ತರವೂ.

"ಈಗ ಇಲ್ಲ. ಡಿಸೆಂಬರ್ 24ಕ್ಕೆ ಪೂಜೆ ಮುಗಿಸಿ ಬಂದ ಮೇಲೆ ಫೋನ್ ಮಾಡು, ಹಾಡ್ತೇನೆ."

ನಮ್ಮ ಇಗರ್ಜಿಯಲ್ಲಿ ಈಗ ಮಧ್ಯರಾತ್ರಿಯ ಬಲಿಪೂಜೆ ಇಲ್ಲ, ಸಂಜೆಯೇ ಶುರುವಾಗುತ್ತದೆ. ಬಾಯಿ ಮನೆ ಸೇರುವಾಗ ಹತ್ತು ಗಂಟೆ. ಸಿಡ್ನಿಯಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಅಲಾರಂ ಇಟ್ಟಾಗಿದೆ.