ಆಯ್ಕೆಯಾದ ಮೇಲಿನ ಹಾದಿ: ಕ್ರಿಕೆಟ್ ಆಡುವ ಮಕ್ಕಳ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ವಂದನೆಗಳು.

ನಮ್ಮ ಪ್ರೌಢಶಾಲೆಯ ಕೆಲವು ವಿದ್ಯಾರ್ಥಿಗಳು ಈ ಬಾರಿ ವಲಯ ಮಟ್ಟದ ಕ್ರಿಕೆಟ್ ತಂಡಗಳಿಗೆ ಆಯ್ಕೆಯಾಗಿರುವುದು ತಮಗೆ ತಿಳಿದೇ ಇದೆ. ದೈಹಿಕ ಶಿಕ್ಷಕರಿಗೂ ನನಗೂ ಇದು ನಿಜಕ್ಕೂ ಸಂತೋಷ ತಂದ ಸುದ್ದಿ. ಅದರ ಬೆನ್ನಿಗೇ ದೀರ್ಘ ರಜೆ ಕೋರುವ ಅರ್ಜಿಗಳು ಕಚೇರಿಗೆ ಬರತೊಡಗಿವೆ. ಹತ್ತನೇ ತರಗತಿಯ ನಡುವೆಯೇ ಮಗನನ್ನು ಶಾಲೆ ಬಿಡಿಸಿ, ಬೆಂಗಳೂರಿನಲ್ಲಿ ಅಕಾಡೆಮಿಗೆ ಸೇರಿಸಿ, ಪರೀಕ್ಷೆಯನ್ನು ಮುಂದೆ ಯಾವಾಗಲಾದರೂ ಖಾಸಗಿಯಾಗಿ ಕಟ್ಟಿಸಿದರಾಯಿತು ಎಂಬ ಯೋಚನೆಯನ್ನೂ ಕೆಲವರು ನನ್ನ ಮುಂದೆ ಹೇಳಿದ್ದಾರೆ. "ಒಂದು ಸಲ ಇಂಡಿಯಾ ಟೀಮಿಗೆ ಸೆಲೆಕ್ಟ್ ಆಗಿಬಿಟ್ಟರೆ ಆಮೇಲೆ ಚಿಂತೆಯೇ ಇರುವುದಿಲ್ಲವಲ್ಲ ಮೇಡಂ" ಎಂಬ ಮಾತು ಈ ಎಲ್ಲ ಯೋಚನೆಗಳ ತಳಹದಿಯಾಗಿರುವುದರಿಂದ, ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದ ಹೊಸಬರಿಗೆ ಆಮೇಲೆ ನಿಜವಾಗಿ ಏನಾಗುತ್ತದೆ ಎಂಬುದನ್ನು, ಹೆಚ್ಚಾಗಿ ನಮ್ಮ ರಾಜ್ಯದ ಆಟಗಾರರ ಮೂಲಕವೇ, ತಮ್ಮ ಮುಂದಿಡಬೇಕೆನಿಸಿತು.

ಮೊದಲನೆಯದಾಗಿ, ತಂಡಕ್ಕೆ ಆಯ್ಕೆಯಾಗುವುದು ಬೇರೆ, ಆಡುವ ಹನ್ನೊಂದು ಮಂದಿಯಲ್ಲಿ ಸೇರುವುದು ಬೇರೆ. ಪ್ರವಾಸಕ್ಕೆ ಹದಿನೈದರಿಂದ ಹದಿನೆಂಟು ಮಂದಿ ಹೊರಡುತ್ತಾರೆ. ಹನ್ನೊಂದರಲ್ಲಿ ಹೆಸರು ಬಾರದವನು ಬೆಳಿಗ್ಗೆ ಎಲ್ಲರೊಡನೆ ನೆಟ್ಸ್‌ನಲ್ಲಿ ಬೆವರು ಸುರಿಸಿ, ಪಂದ್ಯ ಶುರುವಾದ ಮೇಲೆ ಜರ್ಸಿಯ ಮೇಲೊಂದು ಬಿಬ್ ತೊಟ್ಟು, ವಿಕೆಟ್ ಬಿದ್ದಾಗಲೆಲ್ಲ ನೀರಿನ ಬಾಟಲಿ ಮತ್ತು ಒಣಗಿದ ಗ್ಲೌಸ್ ಹಿಡಿದು ಮೈದಾನದೊಳಕ್ಕೆ ಓಡುತ್ತಾನೆ. ಟಿ.ವಿ.ಯಲ್ಲಿ ನಾವು ಅವನನ್ನು ಎರಡು ಕ್ಷಣ ನೋಡಿ ಮರೆಯುತ್ತೇವೆ. ಅದೇ ವಾರ ಅವನ ರಾಜ್ಯ ತಂಡ ರಣಜಿ ಪಂದ್ಯ ಆಡುತ್ತಿದ್ದರೆ ಅಲ್ಲಿ ಗಳಿಸಬಹುದಾಗಿದ್ದ ರನ್ನುಗಳೂ ಅವನ ಕೈತಪ್ಪುತ್ತವೆ. ಬಂಗಾಳದ ಅಭಿಮನ್ಯು ಈಶ್ವರನ್ ಅವರು 2024-25ರ ಆಸ್ಟ್ರೇಲಿಯಾ ಪ್ರವಾಸಕ್ಕೂ ಅದರ ಬೆನ್ನಿಗೆ ಬಂದ 2025ರ ಇಂಗ್ಲೆಂಡ್ ಪ್ರವಾಸಕ್ಕೂ ತಂಡದ ಜೊತೆ ಹೋದರು. ತಲಾ ಐದು ಟೆಸ್ಟ್‌ಗಳ ಆ ಎರಡೂ ಸರಣಿ ಮುಗಿದು ತಂಡ ಊರಿಗೆ ಮರಳಿದಾಗಲೂ ಅವರು ಒಂದೇ ಒಂದು ಟೆಸ್ಟ್ ಆಡಿರಲಿಲ್ಲ. ಆಡಿ ಸೋತವನಿಗೆ ತಾನು ಎಲ್ಲಿ ಎಡವಿದೆ ಎಂಬುದಾದರೂ ತಿಳಿಯುತ್ತದೆ; ಆಡದೆ ಕಾದವನಿಗೆ ಅದೂ ಇಲ್ಲ. ಹೊಸಬರ ಪಾಲಿಗೆ ಇದೇ ಅತ್ಯಂತ ಕಠಿಣವಾದ ಘಟ್ಟವೆಂದು ನನ್ನ ಅಭಿಪ್ರಾಯ.

ಆಡಲು ಅವಕಾಶ ಸಿಕ್ಕಿ, ಅದರಲ್ಲಿ ಮಿಂಚಿಯೂಬಿಟ್ಟರೆ ಸ್ಥಾನ ಭದ್ರವಾಯಿತಲ್ಲ ಎಂದು ತಾವು ಕೇಳಬಹುದು. ಅದಕ್ಕೆ ಕರುಣ್ ನಾಯರ್ ಅವರ ವೃತ್ತಾಂತವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಕರ್ನಾಟಕದ ಪರ ಆಡಿ ಬೆಳೆದ ಅವರು 2016ರ ನವೆಂಬರಿನಲ್ಲಿ ಮೊಹಾಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲೆರಡು ಇನಿಂಗ್ಸ್‌ಗಳಲ್ಲಿ 4 ಮತ್ತು 13 ರನ್ ಮಾಡಿ, ಮೂರನೆಯದರಲ್ಲಿ, ಡಿಸೆಂಬರಿನ ಚೆನ್ನೈ ಟೆಸ್ಟ್‌ನಲ್ಲಿ, ಔಟಾಗದೆ 303 ರನ್ ಹೊಡೆದರು. ಭಾರತದ ಪರ ಅದಕ್ಕೆ ಮುಂಚೆ ತ್ರಿಶತಕ ಬಾರಿಸಿದ್ದವರು ವೀರೇಂದ್ರ ಸೆಹ್ವಾಗ್ ಒಬ್ಬರೇ. ಭಾರತದ ಮುಂದಿನ ಟೆಸ್ಟ್ 2017ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ ನಡೆಯಿತು, ಆಡುವ ಹನ್ನೊಂದರಲ್ಲಿ ಕರುಣ್ ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ್ದರು. ಆ ಸ್ಥಾನ ಮೊದಲಿನಿಂದಲೂ ರಹಾನೆಯವರದೇ ಆಗಿತ್ತು. ಇದರಲ್ಲಿ ಅನ್ಯಾಯವನ್ನು ಹುಡುಕುವುದು ಸುಲಭ. ಆದರೆ ವರ್ಷಗಟ್ಟಲೆ ಆಡಿ ಗಳಿಸಿದ ಸ್ಥಾನವನ್ನು ಗಾಯದ ಕಾರಣಕ್ಕೆ ಕಸಿದುಕೊಂಡಿದ್ದರೆ ಅದೂ ಅನ್ಯಾಯವೇ ಆಗುತ್ತಿತ್ತು.

ಮುಂದೆ ಆಸ್ಟ್ರೇಲಿಯಾ ವಿರುದ್ಧ ಸಿಕ್ಕ ಮೂರು ಟೆಸ್ಟ್‌ಗಳಲ್ಲಿ ಅವರ ಬ್ಯಾಟು ಮಾತಾಡಲಿಲ್ಲ. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಮೊದಲ ದಿನದಿಂದಲೂ ತಂಡದೊಡನೆ ಇದ್ದ ಅವರನ್ನು ಬೆಂಚಿನಲ್ಲೇ ಉಳಿಸಿ, ಕೊನೆಯ ಟೆಸ್ಟ್‌ಗಳಿಗಾಗಿ ಕರೆಸಿಕೊಂಡಿದ್ದ ಹನುಮ ವಿಹಾರಿಯವರಿಗೆ ಓವಲ್‌ನಲ್ಲಿ ಅವಕಾಶ ಕೊಡಲಾಯಿತು. ಕ್ರಮೇಣ ಕರ್ನಾಟಕ ತಂಡದಲ್ಲೂ ಅವರಿಗೆ ಸ್ಥಾನವಿಲ್ಲದಾಯಿತು. ಇನ್ನೊಂದೇ ಒಂದು ಅವಕಾಶ ಕೊಡು ಎಂದು ಕ್ರಿಕೆಟ್ಟನ್ನೇ ಉದ್ದೇಶಿಸಿ 2022ರ ಡಿಸೆಂಬರಿನಲ್ಲಿ ಅವರು ಬರೆದುಕೊಂಡ ಸಾಲನ್ನು ತಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರಬಹುದು. ಅವರು ವಿದರ್ಭಕ್ಕೆ ಹೋಗಿ, ರಾಜ್ಯ ತಂಡಗಳ ಏಕದಿನ ಟೂರ್ನಿಯಾದ ವಿಜಯ್ ಹಜಾರೆ ಟ್ರೋಫಿಯಲ್ಲಿ 2024-25ರಲ್ಲಿ ಐದು ಶತಕಗಳೊಡನೆ 779 ರನ್ ಗಳಿಸಿ, ಅದೇ ಋತುವಿನ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು, 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದಾಗ ಹಿಂದಿನ ಟೆಸ್ಟ್ ಆಡಿ ಎಂಟು ವರ್ಷಗಳೇ ಕಳೆದಿದ್ದವು. ಅಲ್ಲಿಯೂ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ನಾಲ್ಕು ಟೆಸ್ಟ್‌ಗಳಲ್ಲಿ ಒಂದು ಅರ್ಧಶತಕ ಬಂತು, ಅಷ್ಟೇ. ನಂತರದ ವೆಸ್ಟ್ ಇಂಡೀಸ್ ಸರಣಿಗೆ ಅವರ ಹೆಸರಿರಲಿಲ್ಲ.

ಇದು ಇಂದಿನ ಪೈಪೋಟಿಯ ಕಾಲಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. 1933ರಲ್ಲಿ ಲಾಲಾ ಅಮರನಾಥ್ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದರು; ಅವರ ನಂತರ ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್ ಇವರೂ ಹಾಗೆಯೇ ಪದಾರ್ಪಣೆಯ ಶತಕ ಹೊಡೆದರು. ಈ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ದಕ್ಕಲಿಲ್ಲ; ಶೋಧನ್ ಅವರಿಗಂತೂ ಒಟ್ಟು ಮೂರೇ ಟೆಸ್ಟ್ ಸಿಕ್ಕವು. ಆ ಸರಪಳಿಯನ್ನು ಮುರಿದವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದ ಅವರು ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ, ನಾಯಕ ಪಟೌಡಿಯವರ ಧೈರ್ಯದ ಮಾತಿನ ಬಲದಿಂದ ಎರಡನೆಯದರಲ್ಲಿ 137 ರನ್ ಗಳಿಸಿದರು, ಆಮೇಲೆ ಇನ್ನೂ 90 ಟೆಸ್ಟ್ ಆಡಿ ಹದಿಮೂರು ಶತಕ ಸೇರಿಸಿದರು. ಆ ಟೆಸ್ಟ್‌ನಲ್ಲಿ ಅವರಿಗೆ ಎರಡನೆಯ ಇನಿಂಗ್ಸ್ ಸಿಗದೇ ಹೋಗಿದ್ದರೆ ಎಂದು ನಾನು ಆಗಾಗ ಯೋಚಿಸುವುದುಂಟು. ರಾಹುಲ್ ದ್ರಾವಿಡ್ 1996ರ ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿ ಆಡಿದ ಮೊದಲ ಏಕದಿನ ಪಂದ್ಯದಲ್ಲಿ ಗಳಿಸಿದ್ದು ಮೂರು ರನ್. ಕೆ.ಎಲ್. ರಾಹುಲ್ 2014ರಲ್ಲಿ ಮೆಲ್ಬರ್ನಿನ ಮೊದಲ ಟೆಸ್ಟ್‌ನಲ್ಲಿ 3 ಮತ್ತು 1 ಹೊಡೆದರು. ಅವರಿಗೆ ಸಿಡ್ನಿಯ ಮುಂದಿನ ಟೆಸ್ಟ್ ಸಿಕ್ಕಿತು, ಅಲ್ಲಿ ಶತಕವೂ ಬಂತು.

ಎರಡನೆಯ ಅವಕಾಶ ಎಲ್ಲರಿಗೂ ಹೀಗೆ ಸಿಗುವುದಿಲ್ಲ, ಸಿಕ್ಕರೂ ಕೊನೆಯತನಕ ಕಾಯುವುದಿಲ್ಲ. 1999ರಲ್ಲಿ ನೈರೋಬಿಯಲ್ಲಿ ತಮ್ಮ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠರಾದ ವಿಜಯ್ ಭಾರದ್ವಾಜ್ ಒಟ್ಟು ಆಡಿದ್ದು ಹತ್ತು ಏಕದಿನ ಪಂದ್ಯ, ಮೂರು ಟೆಸ್ಟ್. ಮಯಾಂಕ್ ಅಗರ್ವಾಲ್ 2017-18ರ ದೇಶೀಯ ಋತುವಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರನ್ ಪೇರಿಸಿಯೂ ಟೆಸ್ಟ್ ಕ್ಯಾಪ್‌ಗಾಗಿ 2018ರ ಡಿಸೆಂಬರಿನವರೆಗೆ ಕಾದರು, 2019ರಲ್ಲಿ ಎರಡು ದ್ವಿಶತಕ ಹೊಡೆದರು, 2022ರ ಮಾರ್ಚ್‌ನಲ್ಲಿ ತಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿದ ಮೇಲೆ ತಂಡದಿಂದ ಹೊರಗುಳಿದರು. ಇವರಾರೂ ಸೋಮಾರಿಗಳಲ್ಲ, ಪ್ರತಿಭೆಯಲ್ಲಿ ಕಡಿಮೆಯವರೂ ಅಲ್ಲ. ಆದಾಯದ ಲೆಕ್ಕ ಹಾಕುವ ಪೋಷಕರಿಗೂ ಒಂದು ಮಾತು: 2023-24ರಲ್ಲಿ ಕ್ರಿಕೆಟ್ ಮಂಡಳಿಯು ಪ್ರಕಟಿಸಿದ ನಿಯಮದಂತೆ, ವಾರ್ಷಿಕ ಒಪ್ಪಂದದ ಕೊನೆಯ ದರ್ಜೆಗೆ ತಾನಾಗಿ ಸೇರಲು ಹೊಸ ಆಟಗಾರನು ನಿಗದಿತ ಅವಧಿಯಲ್ಲಿ ಕನಿಷ್ಠ 3 ಟೆಸ್ಟ್, ಇಲ್ಲವೇ 8 ಏಕದಿನ, ಇಲ್ಲವೇ 10 ಟಿ20 ಪಂದ್ಯಗಳನ್ನು ಆಡಿರಬೇಕಿತ್ತು.

ಹೆಣ್ಣುಮಕ್ಕಳ ಪೋಷಕರು ವಿಜಯಪುರದ ರಾಜೇಶ್ವರಿ ಗಾಯಕವಾಡ್ ಅವರನ್ನು ನೆನೆಯಬಹುದು. 2017ರ ವಿಶ್ವಕಪ್‌ಗೆ ಹೋದ ತಂಡದಲ್ಲಿದ್ದರೂ ಲೀಗ್‌ನ ಕೊನೆಯ ಪಂದ್ಯದವರೆಗೆ ಅವರು ಹೊರಗೇ ಕುಳಿತಿದ್ದರು. ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಗೆದ್ದರೆ ಸೆಮಿಫೈನಲ್ ಎಂಬಂಥ ದಿನ ಚೆಂಡು ಕೈಗೆ ಬಂದಾಗ 15 ರನ್ನಿಗೆ 5 ವಿಕೆಟ್ ಕಿತ್ತರು. ಎದುರಾಳಿಗಳು 79ಕ್ಕೆ ಆಲೌಟ್. ಹೊರಗೆ ಕುಳಿತ ಅಷ್ಟೂ ದಿನ ನೆಟ್ಸ್‌ನಲ್ಲಿ ಬೌಲಿಂಗ್ ಹದ ಕಾಯ್ದುಕೊಳ್ಳದೇ ಇದ್ದವರಿಗೆ ಅಂಥ ಸ್ಪೆಲ್ ಹಾಕಲು ಬರುವುದಿಲ್ಲ.

ಮೇಲೆ ಹೇಳಿದವರೆಲ್ಲರೂ ಕೈಬಿಟ್ಟಾಗ ಮರಳಿ ಹೋಗಿ ಆಡಲು ರಣಜಿಯಂಥ ಇನ್ನೊಂದು ಅಂಗಳ ಇದ್ದವರು. ನಮ್ಮ ಮಕ್ಕಳು ಇರುವುದು ಅದಕ್ಕೂ ಎಷ್ಟೋ ಮೆಟ್ಟಿಲು ಕೆಳಗೆ. ಹದಿನಾಲ್ಕರ ಪ್ರಾಯದಲ್ಲಿ ತಂಡದಿಂದ ಹೊರಬಿದ್ದ ಮಗುವಿಗೆ ಮರಳಲು ಇರುವ ಜಾಗ ಅದರ ತರಗತಿ. ಆದ್ದರಿಂದ ಶಾಲೆಯು ಕೆಳಗಿನಂತೆ ನಡೆದುಕೊಳ್ಳಲಿದೆ. ವಲಯ ಅಥವಾ ರಾಜ್ಯ ಮಟ್ಟದ ಪಂದ್ಯಗಳ ದಿನಗಳಿಗೆ, ತರಬೇತುದಾರರ ಸಹಿಯುಳ್ಳ ವೇಳಾಪಟ್ಟಿಯನ್ನು ಮುಂಚಿತವಾಗಿ ಕೊಟ್ಟರೆ, ರಜೆಗೆ ಯಾವ ಅಡ್ಡಿಯೂ ಇಲ್ಲ. ತಪ್ಪಿದ ಪಾಠಗಳನ್ನು ಗಣಿತ ಮತ್ತು ವಿಜ್ಞಾನ ಶಿಕ್ಷಕರು ಸಂಜೆ ಹೇಳಿಕೊಡಲು ಒಪ್ಪಿದ್ದಾರೆ. ಆಯ್ಕೆಯ ನಿರೀಕ್ಷೆಯಲ್ಲಿ ತಿಂಗಳುಗಟ್ಟಲೆ ಅಕಾಡೆಮಿಯಲ್ಲಿ ಇರಿಸಲು ಮಾತ್ರ ರಜೆ ಕೊಡಲಾಗದು. ಹತ್ತನೇ ತರಗತಿಯವರಿಗೆ ಶೇ. 75ರ ಹಾಜರಾತಿ ಕಡ್ಡಾಯವಾಗಿದ್ದು, ಅದನ್ನು ಸಡಿಲಿಸುವ ಅಧಿಕಾರ ನನಗಿಲ್ಲ. ಆಯ್ಕೆಯಾದವರ ಫೋಟೊ ಇರುವ ಫ್ಲೆಕ್ಸ್‌ಗಳನ್ನು ಶಾಲೆಯ ಗೇಟಿಗೆ ಕಟ್ಟುವುದು ಬೇಡವೆಂದೂ ವಿನಂತಿ. ಮುಂದಿನ ಸುತ್ತಿನಲ್ಲಿ ಹೆಸರು ಬಾರದಿದ್ದರೆ ಆ ಮಗು ದಿನವೂ ಅದರ ಕೆಳಗೇ ಹಾದು ಒಳಗೆ ಬರಬೇಕಾಗುತ್ತದೆ.

ಅರ್ಜಿ ಕೊಟ್ಟಿರುವ ಪೋಷಕರು ಈ ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಮಕ್ಕಳನ್ನೂ ಕರೆದುಕೊಂಡು ಕಚೇರಿಗೆ ಬಂದರೆ, ದೈಹಿಕ ಶಿಕ್ಷಕರ ಸಮ್ಮುಖದಲ್ಲಿ ಒಬ್ಬೊಬ್ಬರ ವೇಳಾಪಟ್ಟಿಯನ್ನೂ ನೋಡಿ ರಜೆಯ ದಿನಗಳನ್ನು ಅಲ್ಲೇ ಬರೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ